ಸಮುದ್ರದ ತಳದಲ್ಲಿರೋ ಅಣುತ್ಯಾಜ್ಯ ಹುಡುಕೋದು ಯಾಕಿಷ್ಟು ಕಷ್ಟ

ನಮ್ಮ ಕಡೆ ಸಮುದ್ರದಲ್ಲಿ ಏನೇ ಆಗ್ಲಿ, ಡಾಂಬರಿನ ಉಂಡೆ ದಂಡೆಗೆ ಬರ್ಲಿ, ಮೀನು ಸತ್ತು ತೇಲ್ಲಿ, ಕಾರವಾರದ ಬೈತಖೋಲ ಬಂದರದಲ್ಲಿ ಮಾತು ಕೊನೆಗೆ ಕೈಗಾ ಅಣುಸ್ಥಾವರಕ್ಕೇ ಬಂದು ನಿಲ್ತದೆ. ಅಲ್ಲಿನ ಕಸ ರಾತ್ರೋರಾತ್ರಿ ಸಮುದ್ರಕ್ಕೆ ಒಗೀತಾರೇನೋ ಅಂತ. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಹತ್ರ ಹಿಂಗೆ ಒಗೆದ ದೇಶಗಳ ಪಟ್ಟಿ ಒಂದಿದೆ, ಅದರಲ್ಲಿ ಭಾರತ ಇಲ್ಲ. ಯಾರ್ಯಾರು ಇದ್ದಾರೆ ಅಂತ ನೋಡಿದ್ರೆ ಮಾತ್ರ ಆಶ್ಚರ್ಯ ಆಗ್ತದೆ. ಸಮುದ್ರವೇ ಇಲ್ಲದ ಸ್ವಿಟ್ಜರ್ಲೆಂಡ್ ಕೂಡ ಅದರಲ್ಲಿದೆ!

ಶುರು ಮಾಡಿದ್ದು ಅಮೆರಿಕ, 1946ರಲ್ಲಿ, ಕ್ಯಾಲಿಫೋರ್ನಿಯಾ ತೀರದಾಚೆ. ಸ್ಯಾನ್ ಫ್ರಾನ್ಸಿಸ್ಕೋ ಎದುರಿನ ಫ್ಯಾರಲಾನ್ ದ್ವೀಪಗಳ ಸುತ್ತ 1970ರ ತನಕ ಹತ್ತಿರಹತ್ತಿರ 47,500 ಡ್ರಮ್ ಹಾಕಿದ್ರು, ಕೆಲವು ಮುಳುಗದೆ ತೇಲಿದಾಗ ಗುಂಡು ಹೊಡೆದು ಮುಳುಗಿಸಿದ್ದೂ ಇದೆ. ಪೆಸಿಫಿಕ್‌ನ ಬಿಕಿನಿ ದ್ವೀಪದ ಅಣುಬಾಂಬ್ ಪರೀಕ್ಷೆಗೆ ಒಡ್ಡಿದ್ದ ಯುಎಸ್‌ಎಸ್ ಇಂಡಿಪೆಂಡೆನ್ಸ್ ಅನ್ನೋ ಇಡೀ ಯುದ್ಧನೌಕೆಯನ್ನೇ 1951ರಲ್ಲಿ ಅಲ್ಲೇ ಮುಳುಗಿಸಿದ್ರು. ಆಮೇಲೆ ಬ್ರಿಟನ್, ಫ್ರಾನ್ಸ್, ಬೆಲ್ಜಿಯಂ, ಜಪಾನ್ ಎಲ್ಲ ಸೇರ್ಕೊಂಡ್ರು, ಈಶಾನ್ಯ ಅಟ್ಲಾಂಟಿಕ್ ಒಂದರಲ್ಲೇ ಎರಡು ಲಕ್ಷಕ್ಕೂ ಹೆಚ್ಚು ಪೀಪಾಯಿ. ಸಮುದ್ರ ದೊಡ್ಡದು, ಕರಗಿ ಹೋಗ್ತದೆ ಅನ್ನೋದೇ ಲೆಕ್ಕಾಚಾರ. ಸೋವಿಯತ್‌ನವರು ಒಂದು ಹೆಜ್ಜೆ ಮುಂದೆ ಹೋಗಿ ಕೆ-27 ಅನ್ನೋ ಸಬ್‌ಮರೀನ್‌ನ್ನ ರಿಯಾಕ್ಟರ್ ಸಮೇತ 1982ರಲ್ಲಿ ಆರ್ಕ್‌ಟಿಕ್‌ನ ನೊವಾಯಾ ಜೆಮ್ಲ್ಯಾ ಹತ್ರ ಬರೀ 30 ಮೀಟರ್ ಆಳದಲ್ಲಿ ಮುಳುಗಿಸಿಬಿಟ್ರು.

ನಿಲ್ಸಿದ್ದು ಯಾರು ಅಂದ್ರೆ, ನನ್ನ ಪ್ರಕಾರ ಒಪ್ಪಂದಗಳಷ್ಟೇ ಅಲ್ಲ. ಸಮುದ್ರಕ್ಕೆ ಕಸ ಹಾಕೋದರ ಬಗ್ಗೆ ಆದ 1972ರ ಲಂಡನ್ ಒಪ್ಪಂದ ಅತಿ ಅಪಾಯಕಾರಿ ತ್ಯಾಜ್ಯವನ್ನ ಮಾತ್ರ ನಿಷೇಧಿಸಿತ್ತು, ಉಳಿದದ್ದು ಆರಾಮಾಗಿ ಹೋಗ್ತಾ ಇತ್ತು. 1983ರಲ್ಲಿ ಬ್ರಿಟನ್ನಿನ ಹಡಗು ಕೆಲಸಗಾರರ ಯೂನಿಯನ್‌ನವರು ನಾವು ಈ ಸರಕು ಒಯ್ಯೋದಿಲ್ಲ ಅಂತ ಕೂತಾಗ ಅಲ್ಲಿನ ಡಂಪಿಂಗ್ ನಿಂತಿತು. ಒಪ್ಪಂದದ ದೇಶಗಳ ಸ್ವಯಂಪ್ರೇರಿತ ತಾತ್ಕಾಲಿಕ ತಡೆ ಬಂದಿದ್ದೂ ಅದೇ ವರ್ಷ. ಪೂರ್ತಿ ನಿಷೇಧಕ್ಕೆ ಒಪ್ಕೊಂಡಿದ್ದು 1993ರ ನವೆಂಬರ್‌ನಲ್ಲಿ, ರಷ್ಯಾದವರು ಜಪಾನ್ ಸಮುದ್ರಕ್ಕೆ ದ್ರವತ್ಯಾಜ್ಯ ಸುರಿದು ದೊಡ್ಡ ಗಲಾಟೆ ಆದ ಮುಂದಿನ ತಿಂಗಳೇ.

ಸರಿ, ಇಷ್ಟೆಲ್ಲ ಒಗೆದದ್ದನ್ನ ಹುಡುಕೋಕೆ ಹಡಗಿಂದ ವಿಕಿರಣ ಅಳೆಯೋ ಗೈಗರ್ ಕೌಂಟರ್ ಇಳಿಬಿಟ್ಟು ಟಿಕ್ ಟಿಕ್ ಕೇಳಿದ್ರೆ ಆಗಲ್ವಾ ಅಂದ್ರೆ, ಆಗಲ್ಲ. ನೀರು ವಿಕಿರಣವನ್ನ ನುಂಗಿಬಿಡ್ತದೆ. ಅಣುತ್ಯಾಜ್ಯದಲ್ಲಿರೋ ಸೀಸಿಯಂ-137ರ ಗಾಮಾ ಕಿರಣ ಎಂಟು ಸೆಂಟಿಮೀಟರ್ ನೀರು ದಾಟೋದ್ರಲ್ಲಿ ಅರ್ಧ ಆಗ್ತದೆ, ಒಂದು ಮೀಟರ್ ದಾಟಿದ್ಮೇಲೆ ಸಾವಿರಕ್ಕೊಂದು ಪಾಲೂ ಉಳಿಯಲ್ಲ. ಅಂದ್ರೆ ಡ್ರಮ್ಮಿನ ಮೈಗೆ ತಾಗೋಷ್ಟು ಹತ್ರ ಹೋಗ್ಬೇಕು, ಅಟ್ಲಾಂಟಿಕ್‌ನಲ್ಲಂತೂ ಆ ಡ್ರಮ್ ಇರೋದು ನಾಲ್ಕೈದು ಕಿಲೋಮೀಟರ್ ಕೆಳಗೆ, ದಾಖಲೆಯಲ್ಲಿ ಬರೆದ ಜಾಗದಲ್ಲೇ ಬಿದ್ದಿದೆ ಅನ್ನೋಕೂ ಗ್ಯಾರಂಟಿ ಇಲ್ಲ.

ಹಂಗಾಗಿ ಮೊದ್ಲು ಸೋನಾರ್. ಶಬ್ದ ಬಿಟ್ಟು ಪ್ರತಿಧ್ವನಿಯಿಂದ ತಳದ ಚಿತ್ರ ತೆಗೆದು, ಗಟ್ಟಿ ವಸ್ತು ಎಲ್ಲೆಲ್ಲಿದೆ ಗುರುತಿಸಿ, ಆಮೇಲೆ ಕ್ಯಾಮೆರಾ, ಆಮೇಲೆ ಕೆಸರು, ನೀರು, ಮೀನಿನ ಸ್ಯಾಂಪಲ್. 2025ರ ಬೇಸಿಗೆಯಲ್ಲಿ ಫ್ರಾನ್ಸಿನ ಸಿಎನ್‌ಆರ್‌ಎಸ್ ಅನ್ನೋ ಸಂಶೋಧನಾ ಸಂಸ್ಥೆಯ ತಂಡ ಲ'ಅಟಲಾಂಟ್ ಹಡಗಿಂದ ಯುಲಿಎಕ್ಸ್ ಅನ್ನೋ ರೋಬೋಟ್ ಇಳಿಸಿ ಮಾಡಿದ್ದು ಇದನ್ನೇ, ಅಟ್ಲಾಂಟಿಕ್‌ನಲ್ಲಿ ಮೂರು ಸಾವಿರಕ್ಕೂ ಹೆಚ್ಚು ಪೀಪಾಯಿಗಳ ಜಾಗ ಸಿಕ್ತು. ಎರಡು ಲಕ್ಷದಲ್ಲಿ ಮೂರು ಸಾವಿರ!

ಸ್ಯಾಂಪಲ್ ಲ್ಯಾಬಿಗೆ ಬಂದ್ಮೇಲೂ ತಲೆನೋವು ಮುಗಿಯಲ್ಲ. ಸಮುದ್ರದ ನೀರಲ್ಲೇ ಸಹಜವಾಗಿ ವಿಕಿರಣ ಸೂಸೋ ಪೊಟ್ಯಾಸಿಯಂ-40 ಇದೆ, ಲೀಟರಿಗೆ ಸುಮಾರು 12 ಬೆಕೆರೆಲ್ (ಅಂದ್ರೆ ಸೆಕೆಂಡಿಗೆ 12 ಪರಮಾಣು ಒಡೀತವೆ), ನಾವು ತಿನ್ನೋ ಬಂಗಡೆಯಲ್ಲೂ ಇದೆ. 50-60ರ ದಶಕದ ಬಾಂಬ್ ಪರೀಕ್ಷೆಗಳ ಸೀಸಿಯಂ, ಪ್ಲುಟೋನಿಯಂ ಜಗತ್ತಿನ ಎಲ್ಲಾ ಕಡೆ ಉದುರಿದೆ. ಸಿಕ್ಕ ಸೀಸಿಯಂ ಡ್ರಮ್ಮಿಂದು ಹೌದೋ ಆಕಾಶದಿಂದ ಬಂದದ್ದೋ ಅಂತ ಹೇಳೋಕೆ ಅದರ ಜೊತೆಗಿರೋ ಪ್ಲುಟೋನಿಯಂನ ಬೇರೆಬೇರೆ ಐಸೊಟೋಪ್‌ಗಳು, ಅಂದ್ರೆ ಬೇರೆಬೇರೆ ತೂಕದ ರೂಪಗಳು, ಯಾವ ಪ್ರಮಾಣದಲ್ಲಿವೆ ಅಂತ ತಾಳೆ ಹಾಕ್ಬೇಕಾಗ್ತದೆ.

ಈಗ ಕೈಗಾ. 220 ಮೆಗಾವಾಟಿನ ನಾಲ್ಕು ಘಟಕ, ಮೊದಲು ಒಂದು ಓಡೋಕೆ ಶುರುವಾಗಿದ್ದು 1999ರಲ್ಲಿ. ಘನತ್ಯಾಜ್ಯವನ್ನ ನೆಲದಲ್ಲೇ ಕಾಂಕ್ರೀಟ್ ಒಳಗೆ ಇಡ್ತಾರೆ. ಕಡಿಮೆ ವಿಕಿರಣದ ದ್ರವವನ್ನ ಸಂಸ್ಕರಿಸಿ, ಮಿತಿಯೊಳಗೆ ಕದ್ರಾ ಜಲಾಶಯಕ್ಕೆ ಬಿಡ್ತಾರೆ, ಆ ಕಾಳಿ ನೀರು ಕೋಡಿಬಾಗ ಸದಾಶಿವಗಡದ ನಡುವೆ ಸಮುದ್ರ ಸೇರ್ತದೆ. ಭಾರಜಲದ ರಿಯಾಕ್ಟರ್ ಆದ್ದರಿಂದ ಇಲ್ಲಿ ಮುಖ್ಯವಾಗಿ ನೋಡ್ಬೇಕಾದ್ದು ಟ್ರಿಟಿಯಂ, ಅಂದ್ರೆ ವಿಕಿರಣ ಸೂಸೋ ಹೈಡ್ರೋಜನ್, ಅದರಿಂದ ಗಾಮಾ ಬರೋದೇ ಇಲ್ಲ, ತೀರಾ ದುರ್ಬಲ ಬೀಟಾ ಅಷ್ಟೇ. ಆನ್‌ಲೈನ್‌ನಲ್ಲಿ ಗೈಗರ್ ಕೌಂಟರ್ ತರಿಸಿ ಕಾಳಿ ದಂಡೆ ಮೇಲೆ ಹಿಡ್ಕೊಂಡು ವಿಡಿಯೋ ಮಾಡಿದ್ರೆ, ಸೊನ್ನೆ ಬಂದ್ರೂ ಜಾಸ್ತಿ ಬಂದ್ರೂ ಟ್ರಿಟಿಯಂ ಬಗ್ಗೆ ಏನೂ ಗೊತ್ತಾಗಲ್ಲ, ನೀರು ತಗೊಂಡು ಹೋಗಿ ಲ್ಯಾಬಲ್ಲೇ ನೋಡ್ಬೇಕು.

ಒಂದು ವಿಷಯದಲ್ಲಿ ಮಾತ್ರ ನಾವು ಅಟ್ಲಾಂಟಿಕ್‌ನವರಿಗಿಂತ ಪುಣ್ಯವಂತರು. ರಿಯಾಕ್ಟರ್ ಓಡೋ ಮೊದಲೇ ಕೈಗಾ ಸುತ್ತಲಿನ ವಿಕಿರಣ ಅಳೆದಿಟ್ಟಿದ್ದಾರೆ, ಮಂಗಳೂರು ವಿವಿಯವರೂ ಇದರಲ್ಲಿ ಕೆಲಸ ಮಾಡಿದ್ದಾರೆ, ಹಾಗಾಗಿ ಹೋಲಿಸಿ ನೋಡೋಕೆ ಹಳೇ ಅಂಕಿ ಇದೆ. ನಾನು ಕೇಳೋದು ಇಷ್ಟೇ, ಆ ಹಳೇ ಅಂಕಿ ಒಂದು ಕಡೆ, ಈ ವರ್ಷದ ಕದ್ರಾ ನೀರಿಂದು, ಕಾರವಾರದ ಮೀನಿಂದು ಇನ್ನೊಂದು ಕಡೆ ಹಾಕಿ, ಕನ್ನಡದಲ್ಲಿ, ಬಂದರದ ಬೋರ್ಡ್ ಮೇಲೆ ಅಂಟಿಸ್ಲಿ.