ಕಾಡು ಸುಟ್ಟರೆ ವಿಕಿರಣವೂ ಸುಟ್ಟು ಹೋಗುತ್ತದೆಯೇ?

ಪ್ರಶ್ನೆ: ಉಕ್ರೇನಿನ ಚೆರ್ನೋಬಿಲ್ ಕಾಡಿಗೆ ಬೆಂಕಿ ಬಿದ್ದರೆ ಅಲ್ಲಿನ ವಿಕಿರಣವೂ ಸುಟ್ಟು ಹೋಗಬೇಕು ಅಲ್ವಾ? ಮತ್ತೆ ಆರಿಸುವವರಿಗೆ ಅಷ್ಟು ಭಯ ಯಾಕೆ?
– ಓದುಗರೊಬ್ಬರು, ಖಾನಾಪುರ ತಾಲ್ಲೂಕು

ಸುಟ್ಟು ಹೋಗುವುದಿಲ್ಲ. ಯಾಕೆ ಅನ್ನುವುದು ಕಬ್ಬಿನ ಹೊಲದಲ್ಲೇ ಗೊತ್ತಾಗುತ್ತದೆ. ಕಬ್ಬು ಕಡಿದ ಮೇಲೆ ಉಳಿದ ಒಣ ಎಲೆಗೆ, ಅಂದರೆ ರವದಿಗೆ, ಬೆಂಕಿ ಹಚ್ಚಿದರೆ ರವದಿ ಹೋಗುತ್ತದೆ, ಅದರೊಳಗಿನ ಪೊಟ್ಯಾಶ್ ಬಹುಪಾಲು ಬೂದಿಯಲ್ಲೇ ಉಳಿಯುತ್ತದೆ. ನಮ್ಮ ಹಿರಿಯರು ಒಲೆಯ ಬೂದಿಯನ್ನು ತಿಪ್ಪೆಗೆ ಹಾಕುತ್ತಿದ್ದುದು ಸುಮ್ನೆ ಅಲ್ಲ.

ಸೀಸಿಯಂ-137 ಎಂಬ ವಿಕಿರಣ ವಸ್ತುವಿನ ನಡತೆಯೂ ಪೊಟ್ಯಾಶ್‌ನಲ್ಲಿರುವ ಪೊಟ್ಯಾಶಿಯಂನಂತೆಯೇ. ಗಿಡಕ್ಕೆ ಎರಡರ ನಡುವಿನ ವ್ಯತ್ಯಾಸ ಅಷ್ಟಾಗಿ ತಿಳಿಯುವುದಿಲ್ಲ, ಬೇರಿನಿಂದ ಹೀರಿಕೊಳ್ಳುತ್ತದೆ. ಎಲೆ ಉದುರಿ ಮಣ್ಣಾಗುತ್ತದೆ, ಮಣ್ಣಿನಿಂದ ಮತ್ತೆ ಬೇರಿಗೆ. 1986ರ ಏಪ್ರಿಲ್ 26ರಂದು ಚೆರ್ನೋಬಿಲ್ ಅಣು ವಿದ್ಯುತ್ ಸ್ಥಾವರದ ರಿಯಾಕ್ಟರ್ ಸಿಡಿದಾಗ ಬಿದ್ದದ್ದು ಇವತ್ತಿಗೂ ಹೀಗೇ ಸುತ್ತುತ್ತಿದೆ. ಅದು ಅರ್ಧದಷ್ಟು ಕಡಿಮೆಯಾಗಲು ಸುಮಾರು 30 ವರ್ಷ ಬೇಕು. ಬೆಂಕಿ ಎಷ್ಟೇ ಜೋರಿದ್ದರೂ ಈ ಲೆಕ್ಕ ಬದಲಾಗದು. ಮಣ್ಣಲ್ಲಿ, ಮರದಲ್ಲಿ ಕೂತದ್ದನ್ನು ಅದು ಹೊಗೆಯಾಗಿ, ಬೂದಿಯಾಗಿ ಎಬ್ಬಿಸುತ್ತದೆ.

ಇನ್ನು ಆರಿಸುವ ಮಾತು. ನಮ್ಮ ಕಡೆ ಹಸಿ ಟೊಂಗೆ ಮುರಿದುಕೊಂಡು, ಉರಿಯ ಹತ್ತಿರವೇ ನಿಂತು ಬಡಿಯುತ್ತಾರೆ. ಅಲ್ಲಿ ಹಾಗೆ ಬಡಿದರೆ ಏಳುವ ಬೂದಿ ನೇರ ಶ್ವಾಸಕೋಶಕ್ಕೆ. ಅದಕ್ಕೇ ಮಾಸ್ಕ್ ಬೇಕೇ ಬೇಕು. ಆದರೆ ನೆಲದಿಂದ ಬರುವ ಗಾಮಾ ಕಿರಣಕ್ಕೆ ಮಾಸ್ಕೂ ಇಲ್ಲ, ಬಟ್ಟೆಯೂ ಇಲ್ಲ, ಎರಡನ್ನೂ ದಾಟಿ ಬರುತ್ತದೆ. ಅದಕ್ಕೆ ಉಳಿದಿರುವ ಉಪಾಯ ವಿಕಿರಣ ಹೆಚ್ಚಿರುವ ಜಾಗದಲ್ಲಿ ಕಡಿಮೆ ಹೊತ್ತು ನಿಲ್ಲುವುದು. ಮೈಮೇಲಿನ ಡೋಸಿಮೀಟರ್ ಎಂಬ ಅಳತೆ ಸಾಧನ ಒಟ್ಟು ಎಷ್ಟು ವಿಕಿರಣ ತಗುಲಿತೆಂದು ಹೇಳುತ್ತದೆ, ಮಿತಿ ಮುಟ್ಟಿದರೆ ಬೇರೆಯವರು ಬರಬೇಕು.

ಉರಿ ಆರಿತು ಅಂದ ಮಾತ್ರಕ್ಕೆ ಮುಗಿಯಲಿಲ್ಲ. ನನಗೆ ಹೆಚ್ಚು ಭಯವೆನಿಸುವುದು ಆಮೇಲಿನ ಕೆಲಸವೇ. ಹೊಗೆಯಾಡುವ ಬೇರು, ಮೋಟುಗಳನ್ನು ಹುಡುಕಿ ಕೆದಕಿ ಆರಿಸಬೇಕು. ಕೆದಕಿದಷ್ಟೂ ಬೂದಿ ಏಳುತ್ತದೆ. ನೆಲ ನೆನೆಸಿ ನೆನೆಸಿ ಕೆಲಸ ಮಾಡಬೇಕು, ಮುಗಿದ ಮೇಲೆ ಬಟ್ಟೆ ಬಿಚ್ಚಿಟ್ಟು ಸ್ನಾನ ಮಾಡಬೇಕು. ಬೇಸಿಗೆಗೆ ಮುಂಚೆ ನಮ್ಮ ಅರಣ್ಯ ಇಲಾಖೆಯವರು ಬೆಂಕಿ ರೇಖೆ ಮಾಡುತ್ತಾರಲ್ಲ, ಅಲ್ಲಿ ಅದಕ್ಕಾಗಿ ಮಣ್ಣು ತಿರುವಿದರೂ ಧೂಳಿನ ಚಿಂತೆ.

2020ರ ಏಪ್ರಿಲ್‌ನಲ್ಲಿ ಹತ್ತಿದ ಬೆಂಕಿ ಸ್ಥಾವರದ ಪಕ್ಕದ, ಈಗ ಜನರಿಲ್ಲದ ಪ್ರಿಪ್ಯಾತ್ ಪಟ್ಟಣದ ಹತ್ತಿರಕ್ಕೇ ಬಂದಿತ್ತು. ವಿಮಾನ, ಹೆಲಿಕಾಪ್ಟರ್‌ಗಳಿಂದ ನೀರು ಸುರಿದರು. ಹೊಗೆ ಸುಮಾರು 100 ಕಿ.ಮೀ. ದೂರದ ಕೀವ್ ನಗರಕ್ಕೂ ಹೋಯಿತು. ಅಲ್ಲಿ ಗಾಳಿಯಲ್ಲಿ ಸೀಸಿಯಂ ತುಸು ಏರಿದರೂ ಜನರಿಗೆ ಅಪಾಯ ತರುವಷ್ಟು ಇರಲಿಲ್ಲ. ಅಪಾಯದ ಜಾಸ್ತಿ ಪಾಲು ಉರಿಯ ಬಾಯಲ್ಲಿ ನಿಂತವರದ್ದೇ.

2022ರಲ್ಲಿ ರಷ್ಯಾ ಉಕ್ರೇನ್ ಮೇಲೆ ಯುದ್ಧ ಶುರು ಮಾಡಿದ ನಂತರ ಅವರ ಕಷ್ಟ ಇನ್ನೂ ಬೆಳೆದಿದೆ. ಆ ಕಾಡಿನ ಕೆಲವು ಕಡೆ ಈಗ ನೆಲಬಾಂಬ್‌ಗಳಿವೆ. ದಾರಿ ಬಿಟ್ಟು ಕಾಲಿಡುವಂತಿಲ್ಲ. ಒಳಗೆ ಹತ್ತಿದ ಬೆಂಕಿ ದಾರಿಯವರೆಗೆ ಬರಲಿ ಎಂದು ಕಾಯಬೇಕು.