ತುಮಕೂರಿನ ನೆತ್ತಿ ಮೇಲೆ ಹಾದುಹೋಗುವ ಶಿವಮೊಗ್ಗದ ದಾರಿ

ನಕ್ಷೆಯಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣದಿಂದ ಶಿವಮೊಗ್ಗದ ವಿಮಾನ ನಿಲ್ದಾಣವಿರುವ ಸೋಗಾನೆಗೆ ಒಂದು ನೇರ ಗೆರೆ ಎಳೆದು ನೋಡಿ. ಉದ್ದ ಸುಮಾರು 240 ಕಿ.ಮೀ. ಆ ಗೆರೆ ಹೆಚ್ಚುಕಡಿಮೆ ತುಮಕೂರಿನ ಮೇಲೇ ಹಾದುಹೋಗುತ್ತದೆ. ಆದರೆ ನಾವು ತುಮಕೂರಿನವರು ವಿಮಾನದಲ್ಲಿ ಶಿವಮೊಗ್ಗಕ್ಕೆ ಹೋಗಬೇಕೆಂದರೆ ಮೊದಲು 80 ಕಿ.ಮೀ.ಗೂ ಜಾಸ್ತಿ ಪೂರ್ವಕ್ಕೆ ಹೋಗಬೇಕು. ಆಮೇಲೆ ನಮ್ಮೂರಿನ ದಿಕ್ಕಿಗೇ ವಾಪಸ್ ಹಾರಬೇಕು.

2008ರ ಮೇ ತಿಂಗಳವರೆಗೆ ವಿಮಾನ ಅಂದರೆ ಬೆಂಗಳೂರಿನೊಳಗಿನ ಹಳೇ ಎಚ್‌ಎಎಲ್ ನಿಲ್ದಾಣ. ಕೋಲಾರದವರಿಗೆ ಅದು ಸಲೀಸು, ಹೊಸಕೋಟೆ ದಾಟಿ ಹಳೇ ಮದ್ರಾಸ್ ರಸ್ತೆ ಹಿಡಿದರೆ ಆಯಿತು. ತುಮಕೂರಿನವರು ಮಾತ್ರ ಇಡೀ ಬೆಂಗಳೂರನ್ನು ದಾಟಬೇಕಿತ್ತು. ನಿಲ್ದಾಣ ದೇವನಹಳ್ಳಿಗೆ ಬಂದ ಮೇಲೆ ಎಲ್ಲರಿಗಿಂತ ಹತ್ತಿರವಾದವರು ಚಿಕ್ಕಬಳ್ಳಾಪುರದವರು. ಅವರ ರೈಲು ಮಾರ್ಗದಲ್ಲೇ 2021ರ ಜನವರಿಯಲ್ಲಿ ವಿಮಾನ ನಿಲ್ದಾಣದ ಪುಟ್ಟ ಸ್ಟೇಷನ್ನೂ ಶುರುವಾಯಿತು. ನಮಗೂ ಸ್ವಲ್ಪ ಅನುಕೂಲವಾಗಿದೆ. ದಾಬಸ್‌ಪೇಟೆ, ದೊಡ್ಡಬಳ್ಳಾಪುರದ ಮೇಲೆ ಹೋದರೆ ಬೆಂಗಳೂರಿನ ಟ್ರಾಫಿಕ್ ತಪ್ಪುತ್ತದೆ.

ಸಣ್ಣ ಊರುಗಳಿಗೂ ವಿಮಾನ ಬರಲಿ ಅಂತ ಕೇಂದ್ರ ಸರ್ಕಾರ ಉಡಾನ್ ಯೋಜನೆ ತಂದಿತು. ಅದರ ಮೊದಲ ವಿಮಾನ ಹಾರಿದ್ದು 2017ರ ಏಪ್ರಿಲ್‌ನಲ್ಲಿ. ಸುಮಾರು ಒಂದು ಗಂಟೆಯ ಹಾರಾಟಕ್ಕೆ, ಯೋಜನೆಗೆ ಸೇರಿದ ಸೀಟುಗಳಿಗೆ, 2,500 ರೂಪಾಯಿ ಮಿತಿ ಇಟ್ಟರು. ಶಿವಮೊಗ್ಗ ನಿಲ್ದಾಣ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಯಿತು. ಬೆಂಗಳೂರಿನಿಂದ ವಿಮಾನ ಬಂದಿದ್ದು ಆಗಸ್ಟ್ 31ಕ್ಕೆ.

ಈ ದಾರಿಯಲ್ಲಿ ಹಾರುವ ಎಟಿಆರ್ ಎಂಬ ಪ್ರೊಪೆಲ್ಲರ್ ಇರುವ ಸಣ್ಣ ವಿಮಾನದ ವೇಗ ಗಂಟೆಗೆ ಸುಮಾರು 500 ಕಿ.ಮೀ. ಲೆಕ್ಕ ಹಾಕಿದರೆ ಅರ್ಧ ಗಂಟೆ ಸಾಕು, ಅಲ್ವಾ? ಆದರೆ ಟಿಕೆಟ್‌ನಲ್ಲಿ ಒಂದು ಗಂಟೆ ಅಥವಾ ಅದಕ್ಕೂ ಜಾಸ್ತಿ ಇರುತ್ತದೆ. ಅದು ಬರೀ ಹಾರುವ ಸಮಯವಲ್ಲ. ವಿಮಾನ ನಿಂತ ಜಾಗ ಬಿಟ್ಟಾಗಿನಿಂದ ಆ ಕಡೆ ಹೋಗಿ ನಿಲ್ಲುವವರೆಗಿನ ಸಮಯ. ರನ್‌ವೇವರೆಗೆ ಉರುಳುವುದು, ಸರದಿ ಕಾಯುವುದು, ಮೇಲೇರುವುದು, ಇಳಿಯುವುದು ಎಲ್ಲವೂ ಅದರಲ್ಲೇ ಸೇರಿದೆ. ವಿಮಾನ ಗಾಳಿಗೆ ಎದುರಾಗಿ ಏರಬೇಕು. ದೇವನಹಳ್ಳಿಯ ರನ್‌ವೇಗಳು ಪೂರ್ವ-ಪಶ್ಚಿಮವಾಗಿವೆ. ಮುಂಗಾರಿನ ಪಡುವಣ ಗಾಳಿಯಲ್ಲಿ ವಿಮಾನ ನೇರ ನಮ್ಮ ಕಡೆಗೇ ಏರುತ್ತದೆ. ಚಳಿಗಾಲದ ಮೂಡಣ ಗಾಳಿಯಲ್ಲಿ ಪೂರ್ವಕ್ಕೆ ಏರಿ, ಸುತ್ತಿ ತಿರುಗಬೇಕು. ದೂರ ಕಡಿಮೆಯಾದರೂ ಈ ನಿಮಿಷಗಳು ಕಡಿಮೆಯಾಗುವುದಿಲ್ಲ.

ಮನೆಯಿಂದ ದೇವನಹಳ್ಳಿಗೆ ಒಂದೂಮುಕ್ಕಾಲು ಗಂಟೆ. ಅಲ್ಲಿ ಒಂದೂಕಾಲು ಗಂಟೆ ಮೊದಲೇ ಇರಬೇಕು. ಹಾರಾಟ ಒಂದು ಗಂಟೆ. ಸೋಗಾನೆಯಿಂದ ಶಿವಮೊಗ್ಗ ಪೇಟೆಗೆ ಅರ್ಧ ಗಂಟೆ. ಒಟ್ಟು ನಾಲ್ಕೂವರೆ ಗಂಟೆ. ತುಮಕೂರಿನಲ್ಲೇ ರೈಲು ಹತ್ತಿದರೆ ತಿಪಟೂರು, ಅರಸೀಕೆರೆ, ಕಡೂರು ದಾಟಿ ನಾಲ್ಕು ಗಂಟೆ ಆಸುಪಾಸಿನಲ್ಲಿ ಶಿವಮೊಗ್ಗದಲ್ಲಿರುತ್ತೇವೆ. ಆದ್ದರಿಂದ ತುಮಕೂರಿನವರು ಶಿವಮೊಗ್ಗಕ್ಕೆ ರೈಲಿನಲ್ಲಿ ಹೋಗುವುದೇ ಸರಿ ಅಂತ ನನ್ನ ಅಭಿಪ್ರಾಯ. ಚಿಕ್ಕಬಳ್ಳಾಪುರದವರ ಲೆಕ್ಕ ಬೇರೆ. ಅವರಿಗೆ ವಿಮಾನದಿಂದ ನಿಜಕ್ಕೂ ಸಮಯ ಉಳಿಯುತ್ತದೆ.

ಹಾಗಾದರೆ ನಮ್ಮ ಜಿಲ್ಲೆಯಲ್ಲೇ ದೊಡ್ಡ ನಿಲ್ದಾಣ ಯಾಕಿಲ್ಲ? ದೇವನಹಳ್ಳಿ ನಿಲ್ದಾಣಕ್ಕಾಗಿ ಕೇಂದ್ರ ಸರ್ಕಾರ ಮಾಡಿಕೊಂಡ 2004ರ ಒಪ್ಪಂದದಲ್ಲಿ ಒಂದು ಷರತ್ತಿದೆ. ದೇವನಹಳ್ಳಿ ನಿಲ್ದಾಣ ಶುರುವಾಗಿ 25 ವರ್ಷ ತುಂಬುವವರೆಗೆ 150 ಕಿ.ಮೀ. ಒಳಗೆ ಇನ್ನೊಂದು ಅಂತರರಾಷ್ಟ್ರೀಯ ನಿಲ್ದಾಣ ಬರುವಂತಿಲ್ಲ. ಮೈಸೂರು, ಹಾಸನಕ್ಕೆ ಮಾತ್ರ ವಿನಾಯಿತಿ. ಈ 150 ಕಿ.ಮೀ. ರಸ್ತೆಯ ದೂರವಲ್ಲ, ಆಕಾಶದ ನೇರ ದೂರ. ತುಮಕೂರು ಸುಮಾರು 70 ಕಿ.ಮೀ., ಶಿರಾ ಸುಮಾರು 105. ಎರಡೂ ಒಳಗೇ ಬಿದ್ದವು.

ಆ ಗಡುವು ಮುಗಿಯುವುದು 2033ರ ಮೇ ತಿಂಗಳಲ್ಲಿ. ಬೆಂಗಳೂರಿನ ಎರಡನೇ ನಿಲ್ದಾಣಕ್ಕಾಗಿ 2025ರ ಏಪ್ರಿಲ್‌ನಲ್ಲಿ ಅಧಿಕಾರಿಗಳ ತಂಡ ನೋಡಿದ ಜಾಗಗಳಲ್ಲಿ ಒಂದು ನೆಲಮಂಗಲ-ಕುಣಿಗಲ್ ರಸ್ತೆ ಕಡೆ ಇದೆ. ತುಮಕೂರಿನಿಂದ ನೆಲಮಂಗಲಕ್ಕೆ ಸುಮಾರು 45 ಕಿ.ಮೀ.