‘ಇಫ್’ ಇದ್ದಲ್ಲಿ ‘ವಿಲ್’ ಯಾಕೆ ಬರುವುದಿಲ್ಲ?

‘ಇಫ್ ಇಟ್ ವಿಲ್ ರೈನ್ ಟುಮಾರೋ, ಐ ವಿಲ್ ಸ್ಟೇ ಅಟ್ ಹೋಮ್.’ ಇಂಗ್ಲಿಷ್ ಕಲಿಯುವವರ ಬರವಣಿಗೆಯಲ್ಲಿ ಎಲ್ಲಕ್ಕಿಂತ ಜಾಸ್ತಿ ಕಾಣುವ ತಪ್ಪು ಇದೇ ಇರಬೇಕು. ಮೊದಲ ‘ವಿಲ್’ ಅಲ್ಲಿ ಬೇಡ. ‘ಇಫ್ ಇಟ್ ರೈನ್ಸ್’ ಅಂದರೆ ಸಾಕು. ಯಾಕೆ ಅಂತ ಕೇಳಿದರೆ ‘ಅದು ರೂಲು, ಬಾಯಿಪಾಠ ಮಾಡು’ ಅನ್ನುವ ಉತ್ತರವೇ ನಮ್ಮಲ್ಲಿ ಹೆಚ್ಚಿನವರಿಗೆ ಸಿಕ್ಕಿರುವುದು. ಆದರೆ ಇದಕ್ಕೊಂದು ಕಾರಣವಿದೆ, ಅದು ಕನ್ನಡದವರಿಗೆ ಬಹಳ ಹತ್ತಿರದ್ದು.

‘ನಾಳೆ ಮಳೆ ಬಂದರೆ’ ಅನ್ನುತ್ತೇವೆ. ಈ ‘ಬಂದರೆ’ಯನ್ನು ಸ್ವಲ್ಪ ಬಿಡಿಸಿ ನೋಡಿ. ಒಳಗಿರುವುದು ‘ಬಂದ’, ಅಂದರೆ ಆಗಿಹೋದ ಕಾಲದ ರೂಪ. ಮಾತಾಡುತ್ತಿರುವುದು ನಾಳೆಯ ವಿಷಯ, ಆದರೂ ಅಲ್ಲಿ ಭವಿಷ್ಯದ ಸುಳಿವೇ ಇಲ್ಲ. ‘ರೆ’ ಹಚ್ಚಿದ ತಕ್ಷಣ ನಾವು ಮಳೆ ಬಂದಾಯಿತು ಅಂತ ಅಂದುಕೊಂಡು, ಅಲ್ಲಿಂದ ಮುಂದಿನ ಮಾತಿಗೆ ಹೋಗುತ್ತೇವೆ. ಇಂಗ್ಲಿಷಿನ ‘ಇಫ್’ ಮಾಡುವುದೂ ಇದನ್ನೇ. ಅದು ಮಳೆ ಬರುತ್ತದೆ ಅಂತ ಹೇಳುವುದಿಲ್ಲ, ಬಂತು ಅಂತ ಇಟ್ಟುಕೊಳ್ಳಿ ಅನ್ನುತ್ತದೆ. ‘ವಿಲ್’ ಹಾಗಲ್ಲ, ಅದು ಮುಂದೆ ಹೀಗಾಗುತ್ತದೆ ಅಂತ ಮಾತಾಡುವವನು ತನ್ನ ಹೊಣೆಯ ಮೇಲೆ ಹೇಳುವ ಮಾತು. ಬರೀ ‘ಇಟ್ಟುಕೊಳ್ಳಿ’ ಅನ್ನುವ ಜಾಗದಲ್ಲಿ ಆ ಹೊಣೆಗೆ ಕೆಲಸವಿಲ್ಲ. ಅದಕ್ಕೇ ‘ವಿಲ್’ ಎರಡನೇ ಅರ್ಧಕ್ಕೆ ಹೋಗಿ ಕೂರುತ್ತದೆ. ‘ವೆನ್’, ‘ಅಂಟಿಲ್’, ‘ಅನ್‌ಲೆಸ್’ ಇವುಗಳ ಜೊತೆಗೂ ಹೆಚ್ಚಾಗಿ ಇದೇ ನಡೆ.

ಹಾಗಾದರೆ ‘ಇಫ್ ಯು ವಿಲ್ ವೇಟ್ ಎ ಮಿನಿಟ್’ ಅನ್ನುವುದು ತಪ್ಪಾ? ಅಲ್ಲ. ಅದು ಮರ್ಯಾದೆಯ, ಸರಿಯಾದ ಇಂಗ್ಲಿಷ್. ಇದು ಅರ್ಥವಾಗಬೇಕಾದರೆ ಸಾವಿರ ವರ್ಷ ಹಿಂದಕ್ಕೆ ಹೋಗಬೇಕು. ಹಳೆಯ ಇಂಗ್ಲಿಷಿನಲ್ಲಿ ‘ವಿಲ್ಲನ್’ ಅಂದರೆ ಬಯಸು, ಇಷ್ಟಪಡು. ಆಗ ಅದಕ್ಕೆ ತನ್ನದೇ ತೂಕವಿತ್ತು, ಇನ್ನೊಂದು ಕ್ರಿಯಾಪದದ ಆಸರೆಯಿಲ್ಲದೆಯೂ ನಿಲ್ಲುತ್ತಿತ್ತು. ಆ ಹಳೆಯ ಅರ್ಥ ಈ ವಾಕ್ಯದಲ್ಲಿ ಇನ್ನೂ ಉಳಿದಿದೆ: ‘ಒಂದು ನಿಮಿಷ ಕಾಯಲು ನಿಮಗೆ ಮನಸ್ಸಿದ್ದರೆ’. ಇಲ್ಲಿ ‘ವಿಲ್’ ಭವಿಷ್ಯ ನುಡಿಯುತ್ತಿಲ್ಲ, ಮನಸ್ಸಿನ ಮಾತಾಡುತ್ತಿದೆ. ಹಾಗಾಗಿ ‘ಇಫ್’ ಅದನ್ನು ಒಳಗೆ ಬಿಟ್ಟುಕೊಳ್ಳುತ್ತದೆ.

‘ವಿಲ್’ ಥರ ಇನ್ನೊಂದು ಕ್ರಿಯಾಪದದ ಜೊತೆ ನಿಂತು ಸಾಮರ್ಥ್ಯ, ಒಪ್ಪಿಗೆ, ಒತ್ತಾಯ ಇಂಥದ್ದನ್ನು ಹೇಳುವ ಪದಗಳಿಗೆ ಮೋಡಲ್ ಅನ್ನುತ್ತಾರೆ. ಇವುಗಳಲ್ಲಿ ಹೆಚ್ಚಿನವಕ್ಕೆ ಇಂಥದ್ದೇ ಹಿನ್ನೆಲೆ. ‘ಶಲ್’ ಹುಟ್ಟಿದ್ದು ‘ಸಾಲ ಇದೆ, ತೀರಿಸಬೇಕು’ ಅನ್ನುವ ಅರ್ಥದ ಮಾತಿನಿಂದ. ‘ಮೇ’ಗೆ ಮೊದಲು ಶಕ್ತಿ ಅನ್ನುವ ಅರ್ಥವಿತ್ತು, ಬಲ ಅನ್ನುವ ಅರ್ಥದ ‘ಮೈಟ್’ ಅದರ ಒಡಹುಟ್ಟು. ‘ಮಸ್ಟ್’ನ ಪೂರ್ವಜ ಮೊದಲು ಅಪ್ಪಣೆ ಕೊಡುತ್ತಿತ್ತು, ಬರಬರುತ್ತಾ ಒತ್ತಾಯ ಮಾಡತೊಡಗಿತು. ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ‘ಕ್ಯಾನ್’. ಅದರ ಮೂಲ ‘ಕುನ್ನನ್’, ಅಂದರೆ ತಿಳಿದಿರು. ತಿಳಿದವನಿಗೆ ಮಾಡಲು ಬರುತ್ತದೆ ಅನ್ನುವ ದಾರಿಯಲ್ಲಿ ಅರ್ಥ ಸರಿಯಿತು. ಈಗ ಕನ್ನಡದ ‘ಬಲ್ಲ’ ನೋಡಿ. ‘ಅವನು ಎಲ್ಲ ಬಲ್ಲ’ ಅಂದರೆ ತಿಳಿದವನು, ‘ಅವನು ಮಾಡಬಲ್ಲ’ ಅಂದರೆ ಸಾಮರ್ಥ್ಯವಿರುವವನು. ಒಂದಕ್ಕೊಂದು ನಂಟೇ ಇಲ್ಲದ ಎರಡು ಭಾಷೆಗಳು ಒಂದೇ ದಾರಿ ಹಿಡಿದಿವೆ ಅಲ್ವಾ!

ಈಗ ‘ಬಿಕಾಸ್’ ಜೊತೆ ‘ಮಸ್ಟ್’ ಸೇರಿದಾಗ ಏನಾಗುತ್ತದೆ ನೋಡೋಣ. ‘ದೇ ಮಸ್ಟ್ ಬಿ ಅಟ್ ಹೋಮ್, ಬಿಕಾಸ್ ದ ಲೈಟ್ಸ್ ಆರ್ ಆನ್.’ ಮನೆಯಲ್ಲೇ ಇರಬೇಕು, ಯಾಕಂದ್ರೆ ಲೈಟ್ ಉರೀತಿದೆ. ಲೈಟ್ ಉರಿಯುತ್ತಿರುವುದು ಅವರು ಮನೆಯಲ್ಲಿರುವುದಕ್ಕೆ ಕಾರಣವೇ? ಖಂಡಿತ ಅಲ್ಲ. ಅವರು ಮನೆಯಲ್ಲಿರುವುದರಿಂದ ಲೈಟ್ ಉರಿಯುತ್ತಿದೆ. ಕಾರಣ, ಪರಿಣಾಮ ಎರಡೂ ತಿರುಗುಮುರುಗು. ಆದರೂ ವಾಕ್ಯ ಯಾರ ಕಿವಿಗೂ ತಪ್ಪಾಗಿ ಕೇಳುವುದಿಲ್ಲ. ಭಾಷಾವಿಜ್ಞಾನಿ ಈವ್ ಸ್ವೀಟ್ಸರ್ 1990ರಲ್ಲಿ ಇಂಥ ವಾಕ್ಯಗಳನ್ನು ಬಿಡಿಸಿ ತೋರಿಸಿದರು. ಮೋಡಲ್ ಆಗಲಿ, ‘ಬಿಕಾಸ್’ ಥರ ಮಾತುಗಳನ್ನು ಜೋಡಿಸುವ ಕಂಜಂಕ್ಷನ್ ಆಗಲಿ, ಒಮ್ಮೊಮ್ಮೆ ಹೊರಗಿನ ಲೋಕದ ಬಗ್ಗೆ ಹೇಳುತ್ತದೆ, ಒಮ್ಮೊಮ್ಮೆ ನಮ್ಮ ತರ್ಕದ ಬಗ್ಗೆ ಹೇಳುತ್ತದೆ. ‘ಯು ಮಸ್ಟ್ ಗೋ’ ಅಂದರೆ ಹೊರಗಿನ ಒತ್ತಾಯ. ‘ದೇ ಮಸ್ಟ್ ಬಿ ಅಟ್ ಹೋಮ್’ ಅಂದರೆ ನನ್ನ ತರ್ಕ ನನ್ನನ್ನು ಆ ತೀರ್ಮಾನಕ್ಕೆ ತಳ್ಳುತ್ತಿದೆ ಅಂತ. ‘ಮಸ್ಟ್’ ತರ್ಕದ ಕಡೆ ತಿರುಗಿದರೆ ‘ಬಿಕಾಸ್’ ಕೂಡ ಅದರ ಹಿಂದೆಯೇ ತಿರುಗುತ್ತದೆ, ನಾನು ಹೀಗಂದುಕೊಳ್ಳಲು ಏನು ಆಧಾರ ಅನ್ನುವುದನ್ನು ಹೇಳುತ್ತದೆ.

ಕನ್ನಡದ ‘ಬೇಕು’ ಕೂಡ ಈ ಎರಡೂ ಕೆಲಸ ಮಾಡುತ್ತದೆ. ಈ ಲೇಖನದ ಎರಡನೇ ವಾಕ್ಯದಲ್ಲಿ ‘ಇದೇ ಇರಬೇಕು’ ಅಂತ ಬರೆದೆನಲ್ಲ, ಅಲ್ಲಿ ಯಾರ ಒತ್ತಾಯವೂ ಇಲ್ಲ. ಇನ್ನು ‘ಯಾಕಂದ್ರೆ’ಯನ್ನು ಬಿಡಿಸಿದರೆ ಸಿಗುವುದು ‘ಯಾಕೆ ಅಂದರೆ’. ‘ಯಾಕೆ ಹೀಗೆ ಹೇಳುತ್ತೀಯ ಅಂತ ನೀನು ಕೇಳಿದರೆ’ ಅನ್ನುವ ಭಾವ ಅದರಲ್ಲಿದೆ. ಇಂಗ್ಲಿಷ್ ಒಳಗೇ ಮುಚ್ಚಿಟ್ಟುಕೊಂಡದ್ದನ್ನು ಕನ್ನಡ ಬಾಯಿಬಿಟ್ಟು ಹೇಳುತ್ತದೆ. ಇಲ್ಲೂ ಅದೇ ‘ರೆ’ ಬಂತು, ಗಮನಿಸಿದಿರಾ? ‘ಆದರೆ’, ‘ಆದರೂ’, ‘ಯಾಕಂದರೆ’ ಎಲ್ಲವೂ ‘ಇಫ್’ನ ಮನೆಯವೇ.

ತರ್ಕಶಾಸ್ತ್ರಜ್ಞರಿಗೆ ದೊಡ್ಡ ತಲೆನೋವು ಕೊಟ್ಟ ಜೋಡಿ ಮಾತ್ರ ‘ಆರ್’ ಮತ್ತು ‘ಮೇ’. ‘ಯು ಮೇ ಟೇಕ್ ದ ಪೆನ್ ಆರ್ ದ ಪೆನ್ಸಿಲ್’ ಅಂದರೆ ಪೆನ್ನು ತೆಗೆದುಕೊಳ್ಳಲೂ ಒಪ್ಪಿಗೆ ಇದೆ, ಪೆನ್ಸಿಲ್ ತೆಗೆದುಕೊಳ್ಳಲೂ ಒಪ್ಪಿಗೆ ಇದೆ. ಅಂದರೆ ‘ಆರ್’ ಇಲ್ಲಿ ‘ಆ್ಯಂಡ್’ ಥರ ನಡೆದುಕೊಳ್ಳುತ್ತಿದೆ. ಆದರೆ ತರ್ಕದ ನಿಯಮದ ಪ್ರಕಾರ ಎರಡರಲ್ಲಿ ಒಂದು ನಿಜವಾದರೆ ‘ಆರ್’ ವಾಕ್ಯ ನಿಜ. ಹಾಗಾದರೆ ಬರೀ ಪೆನ್ನಿಗೆ ಒಪ್ಪಿಗೆ ಇದ್ದರೂ ಈ ವಾಕ್ಯ ನಿಜವಾಗಬೇಕು, ಅದರಿಂದ ಪೆನ್ಸಿಲಿಗೂ ಒಪ್ಪಿಗೆ ಸಿಕ್ಕಂತಾಗುತ್ತದೆ. ಇದೇ ದಾರಿ ಹಿಡಿದರೆ ಒಂದು ಒಪ್ಪಿಗೆಯಿಂದ ಲೋಕದ ಯಾವ ಕೆಲಸಕ್ಕೆ ಬೇಕಾದರೂ ಒಪ್ಪಿಗೆ ಪಡೆಯಬಹುದು! 1941ರಲ್ಲಿ ಡೆನ್ಮಾರ್ಕಿನ ಕಾನೂನು ಚಿಂತಕ ಆಲ್ಫ್ ರಾಸ್ ಇಂಥದ್ದೇ ಇಕ್ಕಟ್ಟನ್ನು ಆಜ್ಞೆಗಳಲ್ಲಿ ಕಂಡಿದ್ದರು: ‘ಪತ್ರವನ್ನು ಅಂಚೆಗೆ ಹಾಕು’ ಅನ್ನುವುದರಿಂದ ‘ಅಂಚೆಗೆ ಹಾಕು ಅಥವಾ ಸುಟ್ಟುಹಾಕು’ ಅನ್ನುವುದು ಬರುತ್ತದೆಯೇ? ಒಪ್ಪಿಗೆಯ ಈ ಗಂಟನ್ನು 1973ರಲ್ಲಿ ಭಾಷೆಯ ತತ್ವಶಾಸ್ತ್ರಜ್ಞ ಹಾನ್ಸ್ ಕಾಂಪ್ ಬಿಡಿಸಿ ನೋಡಿದರು. ಸಮಸ್ಯೆ ಪದದ ಅರ್ಥದಲ್ಲೇ ಇದೆ ಅನ್ನುವವರಿದ್ದಾರೆ, ಕೇಳುವವನ ಊಹೆಯಲ್ಲಿದೆ ಅನ್ನುವವರೂ ಇದ್ದಾರೆ. ಚರ್ಚೆ ಇನ್ನೂ ನಿಂತಿಲ್ಲ. ಚಿಕ್ಕ ಮಗುವೂ ಸಲೀಸಾಗಿ ಬಳಸುವ ಮಾತಿನಲ್ಲಿ ಇಷ್ಟು ಆಳವಿದೆ ಅನ್ನುವುದೇ ನನ್ನನ್ನು ಮತ್ತೆ ಮತ್ತೆ ವ್ಯಾಕರಣದ ಕಡೆ ಎಳೆಯುತ್ತದೆ.

‘ಸೋ ದಟ್’ ಜೊತೆ ‘ಕ್ಯಾನ್’ ಅಥವಾ ‘ಕುಡ್’, ‘ಹಾಗೆಲ್ಲಿ ಆಗಿಬಿಡುತ್ತದೋ’ ಅನ್ನುವ ಅರ್ಥದ ‘ಲೆಸ್ಟ್’ ಜೊತೆ ‘ಶುಡ್’ ಬರುವುದಕ್ಕೆ ಹೆಚ್ಚು ವಿವರಣೆ ಬೇಡ. ಗುರಿಯಾಗಲಿ ಭಯವಾಗಲಿ ಇನ್ನೂ ನಡೆಯದ ಸಂಗತಿ ತಾನೇ. ಆದರೆ ‘ವುಡ್’ ಬಗ್ಗೆ ಹೇಳದೆ ಮುಗಿಸಲಾರೆ.

‘ಇಫ್ ಹಿ ಹ್ಯಾಡ್ ಕಾಲ್ಡ್, ಐ ವುಡ್ ಹ್ಯಾವ್ ಗಾನ್.’ ಅವನು ಕರೆದಿದ್ದರೆ ನಾನು ಹೋಗುತ್ತಿದ್ದೆ. ಕರೆಯಲೂ ಇಲ್ಲ, ಹೋಗಲೂ ಇಲ್ಲ. ಇಂಗ್ಲಿಷಿನಲ್ಲಿ ಇದೇ ‘ವುಡ್’ ಹಳೆಯ ರೂಢಿಯನ್ನೂ ಹೇಳುತ್ತದೆ: ‘ಎವ್ರಿ ಈವ್ನಿಂಗ್ ಐ ವುಡ್ ಗೋ ಟು ದ ರಿವರ್.’ ಪ್ರತಿ ಸಂಜೆ ನಾನು ನದಿಗೆ ಹೋಗುತ್ತಿದ್ದೆ. ಎರಡೂ ಕನ್ನಡ ವಾಕ್ಯಗಳ ಕೊನೆಯ ಪದ ನೋಡಿ. ಒಂದು ‘ಹೋಗುತ್ತಿದ್ದೆ’ ದಿನವೂ ನಡೆದದ್ದು, ಇನ್ನೊಂದು ಎಂದೂ ನಡೆಯದ್ದು. ಯಾವುದು ಯಾವುದು ಅಂತ ನಮಗೆ ತಿಳಿಸುವುದು ವಾಕ್ಯದ ಆ ತುದಿಯಲ್ಲಿರುವ ಪುಟ್ಟ ‘ರೆ’, ಇಂಗ್ಲಿಷಿನಲ್ಲಾದರೆ ‘ಇಫ್’.